ಅಪ್ಪನ ಬಾಯನ್ನು ಎಲ್ಲಿಡುವುದು?

ಮಾರ್ಚ್ ೪

ಅಕ್ಕನಿಗೆ,

ಕೆಟ್ಟ ಕನಸು ಬಿತ್ತು. ಅಪ್ಪನ ಗಂಟಲಿನಿಂದ ತೆಗೆದ ಧ್ವನಿಪೆಟ್ಟಿಗೆಯನ್ನು ಡಾಕ್ಟರು ಒಂದು ಡಬ್ಬದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದಾರೆ, "ಜೋಪಾನವಾಗಿ ಇಟ್ಕೊಳಮ್ಮ, ನಾಳೆ ತಿರುಗಿ ಹಾಕ್ತೀವಿ" ಅಂತ. ನಾನು ಅದನ್ನು ಮನೆಯಲ್ಲಿ ಎಲ್ಲೋ ಇಟ್ಟು ಮರೆತಿದ್ದೇನೆ. ಚಮಚದ ಡ್ರಾಯರ್ ಎಳೆದರೆ ಇಲ್ಲ, ಬಟ್ಟೆ ಬೀರು ತೆಗೆದರೆ ಇಲ್ಲ, ಚಪ್ಪಲಿ ಗೂಡಿಗೂ ಕೈ ಹಾಕಿದೆ. ಹಿಂದೆ ಅಪ್ಪ ನಿಂತು ಬಾಯಿ ಅಗಲಿಸಿ ಬೈಯುತ್ತಿದ್ದಾರೆ, ಸದ್ದೇ ಇಲ್ಲ. ಎದ್ದಾಗ ಬಟ್ಟೆಯೆಲ್ಲ ಬೆವರು.

ಇದಕ್ಕೆಲ್ಲ ಕಾರಣ ನೀನು ಬಿಟ್ಟುಹೋದ ಕಂಪ್ಯೂಟರ್. ಗಂಟಲು ಆಪರೇಷನ್ ಆದವರಿಗೆ ಪಾಠ ಹೇಳುವ ಟೀಚರಮ್ಮ ಒಬ್ಬಳು ಆಸ್ಪತ್ರೆಯಲ್ಲಿದ್ದಾಳೆ, ಉಗುರಿಗೆ ಬಣ್ಣ, ಮಾತಿಗೆ ಬೆಣ್ಣೆ. ಟೈಪ್ ಮಾಡಿದ್ದನ್ನು ಕಂಪ್ಯೂಟರೇ ಗಟ್ಟಿಯಾಗಿ ಹೇಳುವ ಪ್ರೋಗ್ರಾಮ್ ಒಂದಿದೆ, ಡೌನ್‌ಲೋಡ್ ಮಾಡಿಕೊಳ್ಳಿ ಅಂದಳು. ಮಾಡಿಕೊಂಡೆ. ಬಂದು ಡೌನ್‌ಲೋಡ್ಸ್ ಅನ್ನುವ ಫೋಲ್ಡರಿನಲ್ಲಿ ಕೂತಿದೆ. ಇನ್ನು ಎಲ್ಲಿಡಬೇಕು ಅಂತ ಕೇಳಿದರೆ, "ಎಲ್ಲಾದ್ರೂ ಇಡಿ" ಅನ್ನುತ್ತಾಳೆ. ಎಲ್ಲಾದರೂ ಅಂದರೆ ಎಲ್ಲಿ? ಸಂಬಳ ತೆಗೆದುಕೊಳ್ಳುವವರು ಹೇಳುವ ಮಾತಾ ಅದು?

ಬೀದಿ ತುದಿಯ ರಿಪೇರಿಯವನನ್ನು ಕೇಳಿದೆ. "ಇದರ ಸಿಸ್ಟಮ್ ಲಿನಕ್ಸಾ? ಯಾರಮ್ಮ ಹಾಕಿಕೊಟ್ಟದ್ದು?" ಅಂದ. ಅಕ್ಕ ಅಂದೆ. "ತನ್ನಿ ಇಲ್ಲಿ, ಎಲ್ಲಾ ಒರೆಸಿ ಬೇರೆ ಹಾಕ್ಕೊಡ್ತೀನಿ, ನಿಮ್ಮಕ್ಕನ ಹುಚ್ಚೂ ಬಿಡ್ಲಿ" ಅಂದ. ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಳ್ಳುವವನು. ಅವನ ಕೈಗೆ ಅಪ್ಪನ ಮಾತು ಕೊಡುವುದುಂಟೇ? ಸುಮ್ಮನೆ ಬಂದೆ.

ಡ್ರೈವಿಂಗ್ ಕಲಿಸುತ್ತಾ ಊರಿನ ಅರ್ಧ ಜನರನ್ನು ಸ್ಟೀರಿಂಗ್ ಮುಂದೆ ಅಳಿಸಿದ ಮನುಷ್ಯ ಈಗ ಸ್ಲೇಟು ಬಳಪ ಹಿಡಿದು ಮಲಗಿದ್ದಾರೆ. ಅಮ್ಮನಿಗೆ ಕಣ್ಣಿದ್ದಿದ್ದರೆ ಅದಾದರೂ ಸಾಕಾಗುತ್ತಿತ್ತು. ಅಪ್ಪ ಬರೆಯುವುದು, ನಾನು ಅಮ್ಮನಿಗೆ ಓದಿ ಹೇಳುವುದು. ನಾನು ಲಾಂಡ್ರಿ ಕೆಲಸಕ್ಕೆ ಹೋದರೆ ಮನೆ ಮೂಕ. ಮೇಲ್ಮನೆಯವಳು ಊಟ ಬಡಿಸಲು ಬರುತ್ತಾಳೆ, ಆದರೆ ಅವಳು ಕಂಡೊಡನೆ ಅಪ್ಪ ಸ್ಲೇಟು ಮಗುಚಿ ಇಡುತ್ತಾರೆ, ಊರವರಿಗೆ ಓದಿಸಲು ಇದೇನು ಅಂಗಡಿ ಬೋರ್ಡಾ ಅಂತ.

ಇವತ್ತು ಅಪ್ಪ ಅಮ್ಮನಿಗೆ "ಹುಷಾರಾಗಿ ನಡಿ, ನೆಲ ಒದ್ದೆಯಿದೆ" ಅಂದರು. ಆಮೇಲೆ ಸ್ಲೇಟಿನಿಂದ ಮಂಚದ ಕಬ್ಬಿಣ ಕುಟ್ಟಿದರು. ಈಚೆಗೆ ಬಹಳ ಕುಟ್ಟುತ್ತಾರೆ. ನೋವಿರಬೇಕು. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ಕಿಟಕಿ ಹತ್ತಿರ ಕೂತಿರುತ್ತಾರೆ. ಎಲ್ಲಿಡಬೇಕು ಬೇಗ ಬರಿ.

ನಿನ್ನ ತಂಗಿ

—

ಮಾರ್ಚ್ ೧೫

ತಂಗಿಗೆ,

ದೋಣಿ ಬಂತು, ನಿನ್ನ ಕಾಗದ ಒದ್ದೆಯಾಗಿ ಬಂತು. ಕಣ್ಣೀರೋ ಸಮುದ್ರದ ನೀರೋ, ನಿನ್ನ ವಿಷಯದಲ್ಲಿ ಹೇಳುವುದು ಕಷ್ಟ. ಗಾಳಿ ಅಳೆಯುವ ಯಂತ್ರಗಳಿಗೆ ಎಣ್ಣೆ ಬಿಟ್ಟುಕೊಂಡು ಈ ದ್ವೀಪದಲ್ಲಿದ್ದೇನೆ, ಇಲ್ಲಿ ಫೋನಿಲ್ಲ, ಇಂಟರ್ನೆಟ್ ಇಲ್ಲ, ನೆಮ್ಮದಿ ಅಂದುಕೊಂಡಿದ್ದೆ. ಈಗ ಕಾಗದದ ಮೇಲೆ ಕಂಪ್ಯೂಟರ್ ಕಲಿಸಬೇಕು, ಅದೂ ನಿನಗೆ.

ಕನಸಿನಲ್ಲಿ ಚಪ್ಪಲಿ ಗೂಡಿಗೆ ಕೈ ಹಾಕಿದೆಯಲ್ಲ, ಎಚ್ಚರವಾಗಿದ್ದಾಗಲೂ ಅದನ್ನೇ ಮಾಡುವವಳು ನೀನು. ಹಾಗಾಗಿ ನಿಧಾನವಾಗಿ ಓದು.

ಹೋಮ್ ಅನ್ನುವ ಫೋಲ್ಡರಿನೊಳಗೆ ನಿನ್ನ ಹೆಸರಿನದೊಂದು, ಅಪ್ಪನ ಹೆಸರಿನದೊಂದು ಫೋಲ್ಡರ್ ಇದೆ. ಅವು ನಿಮ್ಮ ನಿಮ್ಮ ಸ್ವಂತ ಬೀರು. ನಿನ್ನದರಲ್ಲಿ ಇಟ್ಟದ್ದು ನೀನು ಲಾಗಿನ್ ಆದಾಗ ಮಾತ್ರ ಸಿಗುತ್ತದೆ, ಅಪ್ಪ ಲಾಗಿನ್ ಆದರೆ ಬೀಗ. ಡೌನ್‌ಲೋಡ್ಸ್ ಇರುವುದೂ ನಿನ್ನ ಬೀರುವಿನೊಳಗೇ. ಯುಎಸ್‌ಆರ್ ಅಂತ ಒಂದಿದೆ, ಅದು ಸಿಸ್ಟಮ್ಮಿನ ಅಡುಗೆಮನೆ. ಅದು ತನಗೆ ಬೇಕಾದ್ದನ್ನು ತಾನೇ ತರಿಸಿ ತಾನೇ ಜೋಡಿಸಿಕೊಳ್ಳುತ್ತದೆ. ಅಲ್ಲಿ ನಿನ್ನ ಕೈ ಬೇಡ. ಅದರೊಳಗೆ ಲೋಕಲ್ ಅಂತ ಇನ್ನೊಂದಿದೆ, ಮನೆಯಲ್ಲೇ ಕಟ್ಟಿಕೊಂಡ ಬಿಡಿ ಪ್ರೋಗ್ರಾಮ್‌ಗಳಿಗೆ. ನಿನಗೆ ಬೇಕಾಗಿಲ್ಲ. ಹೊರಗಿನಿಂದ ಇಡೀ ಪೆಟ್ಟಿಗೆಯಾಗಿ ಬಂದ ನಿನ್ನದರಂಥ ಪ್ರೋಗ್ರಾಮ್‌ಗೆ ಆಪ್ಟ್ ಅಂತ ಫೋಲ್ಡರ್ ಇದೆ. ಅಲ್ಲಿಟ್ಟರೆ ನೀನೂ ಬಳಸಬಹುದು, ಅಪ್ಪನೂ ಬಳಸಬಹುದು, ಸಿಸ್ಟಮ್ ಅದರ ತಂಟೆಗೆ ಬರುವುದಿಲ್ಲ. ಇನ್ನು ಟೆಂಪ್ ಅಂತ ಕಾಣಿಸುತ್ತದೆ. ಅದು ಬೀದಿ ಬಾಗಿಲ ಕಟ್ಟೆ. ಕಂಪ್ಯೂಟರ್ ಆರಿಸಿ ಹಾಕಿದರೆ ಗುಡಿಸಿ ಖಾಲಿ ಮಾಡುತ್ತದೆ. ತಲೆ ನೆಟ್ಟಗಿರುವವರು ಉಳಿಯಬೇಕಾದ್ದನ್ನು ಅಲ್ಲಿಡುವುದಿಲ್ಲ.

ಏನೇನು ಟೈಪ್ ಮಾಡಬೇಕು ಅಂತ ಬೇರೆ ಹಾಳೆಯಲ್ಲಿ ಸಾಲು ಸಾಲಾಗಿ ಬರೆದಿದ್ದೇನೆ. ನೋಡಿ ಇಳಿಸು, ಸ್ವಂತ ಬುದ್ಧಿ ಓಡಿಸಬೇಡ. ಅಪ್ಪನಿಗೆ ಟೈಪಿಂಗ್ ಬರುತ್ತದೆ, ಡ್ರೈವಿಂಗ್ ಶಾಲೆಯ ಅರ್ಜಿಗಳನ್ನು ಅವರೇ ಕುಟ್ಟುತ್ತಿದ್ದರು.

ಆದರೆ ಒಂದು ಮಾತು. "ಹುಷಾರಾಗಿ ನಡಿ" ಅಂದರಾ? ನಮ್ಮಪ್ಪ? ಅಮ್ಮನಿಗೆ? ಗಂಟಲಿನ ಜೊತೆ ನಾಲಿಗೆಯನ್ನೂ ಕತ್ತರಿಸಿದರಾ ಆಸ್ಪತ್ರೆಯವರು? ಅಂಥವರು ಮೆತ್ತಗಾದರೆ ನನಗೆ ಭಯವಾಗುತ್ತದೆ. ಡಾಕ್ಟರು ಏನಂದರು, ಸುತ್ತಿ ಬಳಸದೆ ಬರಿ.

ಅಕ್ಕ

—

ಮಾರ್ಚ್ ೨೪

ಅಕ್ಕನಿಗೆ,

ಡಾಕ್ಟರು ಎಲ್ಲ ಸರಿಯಾಗಿದೆ ಅಂದರು. ಗಾಯ ಒಣಗಿದೆ, ಆಹಾರ ಇಳಿಯುತ್ತಿದೆ, ಇನ್ನು ಎದ್ದು ಓಡಾಡಬಹುದು ಅಂದರು. ಅಮ್ಮನಿಗೂ ಅದನ್ನೇ ಹೇಳಿದೆ. "ನನ್ನೆದುರು ಇನ್ನೇನು ಹೇಳ್ತಾರೆ" ಅಂದು ಮುಖ ತಿರುಗಿಸಿದರು.

ಪ್ರೋಗ್ರಾಮ್ ನಡೆಯುತ್ತಿದೆ. ಸದ್ಯಕ್ಕೆ ನನ್ನ ಫೋಲ್ಡರಿನಲ್ಲೇ ಇಟ್ಟಿದ್ದೇನೆ. ಆಪ್ಟ್‌ಗೆ ಹಾಕಹೋದರೆ ಪಾಸ್‌ವರ್ಡ್ ಕೇಳುತ್ತದೆ, ಪಾಸ್‌ವರ್ಡ್ ಟೈಪ್ ಮಾಡಿದರೆ ಪರದೆ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಹೋಗುತ್ತಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಏನಾದರೂ ಒತ್ತಿ ಇಡೀ ಕಂಪ್ಯೂಟರ್ ಸುಟ್ಟುಹೋದರೆ? ಆಮೇಲೆ ನೀನು ದ್ವೀಪದಿಂದ ಬೈಯುತ್ತೀ. ನಾನು ಕೆಲಸದಿಂದ ಬಂದು ಲಾಗಿನ್ ಆಗಿ ಅಪ್ಪನ ಮುಂದೆ ಕೀಬೋರ್ಡ್ ಇಡುತ್ತೇನೆ, ಅವರು ಮಾತಾಡುತ್ತಾರೆ. ಅಷ್ಟು ಸಾಕಲ್ಲ?

ಸ್ಪೀಕರ್ ಸರಿಯಿಲ್ಲ. ಕಿವಿಗೆ ಹಾಕುವ ವೈರು ಸಿಗಿಸಿ ನಾನು ಕೇಳಿಸಿಕೊಂಡು ಅಮ್ಮನಿಗೆ ಹೇಳುತ್ತೇನೆ. ಧ್ವನಿಯೋ, ದೇವರೇ, ನೆಗಡಿಯಾದ ಗುಮಾಸ್ತನ ಹಾಗೆ. ಅಪ್ಪ ಮೊದಲು ಏನು ಹೇಳಿದರು ಅಂತ ಮಾತ್ರ ಕೇಳಬೇಡ. ಅಮ್ಮ ಕೇಳಿದರು. ಊಟ ಮಾಡಿದೆಯಾ ಅಂತ ಕೇಳ್ತಿದ್ದಾರೆ ಅಂದೆ. ಅಮ್ಮ ಬಟ್ಟಲು ದೂರ ತಳ್ಳಿದರು. ಇಷ್ಟು ಒಳ್ಳೆಯ ಮಾತು ಕೇಳಿಯೂ ಊಟ ಬಿಟ್ಟರೆ ನಾನೇನು ಮಾಡಲಿ?

ಆಸ್ಪತ್ರೆಯ ಹೊದಿಕೆಗಳ ರಾಶಿ ನನಗಾಗಿ ಕಾಯುತ್ತಿದೆ. ಇಸ್ತ್ರಿ ಮಾಡುವಾಗಲೂ ಇದೇ ಯೋಚನೆ, ನಿನ್ನೆ ಒಂದನ್ನು ಸುಟ್ಟೆ.

ತಂಗಿ

—

ಏಪ್ರಿಲ್ ೨

ತಂಗಿಗೆ,

ಪಾಸ್‌ವರ್ಡ್ ಕಾಣಬಾರದು ಅಂತಲೇ ಕಾಣುವುದಿಲ್ಲ, ಮೂದೇವಿ. ಕುರುಡಾಗಿ ಟೈಪ್ ಮಾಡಿ ಎಂಟರ್ ಒತ್ತು. ನಮ್ಮಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವೈರುಗಳ ಮುಂದೆ ಕೂತು ನೋಡದೆಯೇ ಇಡೀ ಊರಿನ ಫೋನು ಜೋಡಿಸುತ್ತಿದ್ದವರು. ಅವರ ಹೊಟ್ಟೆಯಲ್ಲಿ ಹುಟ್ಟಿದ್ದೀಯ ಅಂತ ಆಸ್ಪತ್ರೆಯ ದಾಖಲೆ ಹೇಳುತ್ತದೆ, ನಂಬಲೇಬೇಕು.

ಯಾವ ಸ್ಪೀಕರ್ ಸರಿಯಿಲ್ಲ? ನಾನು ತಂದುಕೊಟ್ಟದ್ದಾ? ಅದನ್ನು ಮೆಟ್ಟಿಲ ಮೇಲಿಂದ ಎಸೆದರೂ ಹಾಡುತ್ತದೆ. ವೈರು ಸಿಗಿಸಿದ್ದೀಯೋ ನೋಡು.

ನೀನು ಲಾಂಡ್ರಿಯಲ್ಲಿರುವ ಹೊತ್ತೆಲ್ಲ ಅಪ್ಪನ ಬಾಯಿ ನಿನ್ನ ಫೋಲ್ಡರಿನಲ್ಲಿ ಬೀಗ ಹಾಕಿಕೊಂಡು ಬಿದ್ದಿರುತ್ತದೆ. ಕೈಚೀಲದಲ್ಲಿ ಗಂಡಸಿನ ಬಾಯಿ ಇಟ್ಟುಕೊಂಡು ಕೆಲಸಕ್ಕೆ ಹೋದ ಹಾಗೆ. ನಿನಗದು ವಿಚಿತ್ರ ಅನ್ನಿಸುವುದಿಲ್ಲವಾ? ಅವರಿಬ್ಬರೂ ಹಗಲೆಲ್ಲ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಅಷ್ಟು ಹೊತ್ತು ಮಾತಾಡಬೇಕಾದವರು ಅವರು, ನೀನಲ್ಲ. ಆಪ್ಟ್‌ಗೆ ಹಾಕು. ಯುಎಸ್‌ಆರ್ ಬೇಡ, ಟೆಂಪ್ ಬೇಡವೇ ಬೇಡ. ಆಪ್ಟ್. ಮೂರೇ ಅಕ್ಷರ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೂ ಓದಲು ಬರುತ್ತದೆ.

ಅಪ್ಪ ಊಟ ಮಾಡಿದೆಯಾ ಅಂತ ಕೇಳಿದರಾ! ನನಗೆ ನಿದ್ದೆ ಬರುತ್ತಿಲ್ಲ ಕಣೇ. ರಜೆಗೆ ಅರ್ಜಿ ಹಾಕಿದ್ದೇನೆ. ಬದಲಿಗೆ ಬರುವವನು ಬಂದರೆ ಬಿಡುತ್ತಾರಂತೆ, ಅವನು ಬರುವ ಲಕ್ಷಣ ಇಲ್ಲ.

ಅಕ್ಕ

—

ಏಪ್ರಿಲ್ ೧೧

ಅಕ್ಕನಿಗೆ,

ಬೈಯಬೇಡ. ಪ್ರೋಗ್ರಾಮ್ ಹೋಯಿತು.

ಆಪ್ಟ್‌ಗೆ ಹಾಕಬೇಕು ಅಂತಲೇ ಕೂತೆ. ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು, ಟೆಂಪ್‌ಗೆ ಹಾಕಿದರೆ ಪಾಸ್‌ವರ್ಡ್ ಕೇಳಲಿಲ್ಲ. ಈಗ ಇಲ್ಲಿರಲಿ, ಆಮೇಲೆ ಸ್ಥಳ ಬದಲಿಸೋಣ ಅಂದುಕೊಂಡೆ. ಲಾಂಡ್ರಿಗೆ ಹೊರಡುವಾಗ ಕಂಪ್ಯೂಟರ್ ಆರಿಸಿದೆ. ಬಂದು ಹಾಕಿದರೆ ಖಾಲಿ. ಮತ್ತೆ ಡೌನ್‌ಲೋಡ್ ಮಾಡೋಣ ಅಂದರೆ ಟೀಚರಮ್ಮ ವಿಳಾಸ ಬರೆದುಕೊಟ್ಟ ಚೀಟಿ ಸಿಗುತ್ತಿಲ್ಲ. ಅಪ್ಪನ ಕೈಗೆ ಮತ್ತೆ ಸ್ಲೇಟು. ನನ್ನನ್ನು ನೋಡಿದ ನೋಟಕ್ಕೆ ಧ್ವನಿಯೇ ಬೇಕಾಗಿರಲಿಲ್ಲ.

ಅದಕ್ಕಿಂತ ದೊಡ್ಡ ಚಿಂತೆ ಅಮ್ಮನದು. ಗಂಜಿ ಮಾತ್ರ, ಅದೂ ಎರಡು ಚಮಚ. ಬಳೆ ಮೊಣಕೈವರೆಗೆ ಜಾರುತ್ತಿದೆ. ಮಂಚದ ಪಕ್ಕ ಕೂತು ಅಪ್ಪನ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾರೆ, ಅಪ್ಪ ಕೈ ಕಿತ್ತುಕೊಳ್ಳುತ್ತಾರೆ. ಮೊನ್ನೆ ಅಮ್ಮ ನೇರವಾಗಿ ಕೇಳಿಯೇಬಿಟ್ಟರು. "ಮುಗೀತಾ ನಿಮ್ಮದು? ನನ್ಹತ್ರ ಯಾಕೆ ಮುಚ್ಚಿಡ್ತೀರಿ?" ಅಪ್ಪ ಸ್ಲೇಟಿನಿಂದ ಮಂಚ ಕುಟ್ಟಿದರು, ದಡ್ ದಡ್ ಅಂತ. ಅಮ್ಮ ಅದನ್ನು ಹೌದು ಅಂತ ಹಿಡಿದುಕೊಂಡರು. ಹೊರಗೆ ಬಂದು ನನಗೆ ಹೇಳಿದರು, "ಆ ಮನುಷ್ಯ ನನಗೆ ಊಟ ಆಯ್ತಾ ಅಂತ ಕೇಳ್ತಾರೆ ಅಂದ್ರೆ ದಿನ ಹತ್ತಿರ ಬಂತು ಅಂತ. ನೀನೂ ಡಾಕ್ಟರೂ ಸೇರ್ಕೊಂಡು ನಾಟಕ ಆಡ್ತಿದ್ದೀರಿ. ಅವರು ಹೋದ ಮೇಲೆ ನನಗೂ ಏನೂ ಬೇಡ."

ಎಷ್ಟು ಹೇಳಿದರೂ ನಂಬುವುದಿಲ್ಲ. ಹೀಗೇ ಆದರೆ ಅಪ್ಪನಿಗಿಂತ ಮೊದಲು ಅಮ್ಮನೇ ಹೋಗುತ್ತಾರೆ.

ತಂಗಿ

—

ಏಪ್ರಿಲ್ ೨೦

ತಂಗಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ನೀನು ದಡ್ಡಿ ಅಂದುಕೊಂಡೆ. ಎರಡನೇ ಸಲ ನಾನು ದಡ್ಡಿ ಅಂತ ಗೊತ್ತಾಯಿತು.

ಟೆಂಪ್ ಬೇಡವೇ ಬೇಡ ಅಂತ ಬರೆದ ಕಾಗದವನ್ನು ಎದುರಿಗಿಟ್ಟುಕೊಂಡು ಟೆಂಪ್‌ಗೇ ಹಾಕಿದ್ದೀಯ. ಹಾಕಿದ್ದಷ್ಟೇ ಅಲ್ಲ, ಆರಿಸಿದ್ದೀಯ. ಕಂಪ್ಯೂಟರ್ ಆರಿಸಿದರೆ ಮತ್ತೆ ಹೊತ್ತುತ್ತೋ ಇಲ್ಲವೋ ಅಂತ ವಾರಗಟ್ಟಲೆ ಹಾಗೇ ಬಿಡುವವಳು ನೀನು. ವಿಳಾಸದ ಚೀಟಿಯೂ ಕಳೆದುಹೋಯಿತು. ಬಸ್ ಟಿಕೆಟನ್ನೂ ವರ್ಷಗಟ್ಟಲೆ ಡಬ್ಬದಲ್ಲಿ ಕೂಡಿಡುವವಳ ಕೈಯಲ್ಲಿ! ಸ್ಪೀಕರ್ ಕೆಟ್ಟಿತು. ಪಾಸ್‌ವರ್ಡ್ ಹೋಗಲಿಲ್ಲ. ಅಪ್ಪನ ಬಾಯಿಗೆ ಬಂದ ವಿಘ್ನಗಳೆಲ್ಲ ನಿನ್ನ ಬೆರಳಿನ ತುದಿಯಿಂದಲೇ ಬಂದಿವೆ.

ಒಂದೇ ಒಂದು ಕೆಲಸ ಹೇಳುತ್ತೇನೆ. ನಾಳೆ ಅಪ್ಪ ಸ್ಲೇಟಿನ ಮೇಲೆ ಬರೆಯುವುದನ್ನು ಒಂದಕ್ಷರ ಬಿಡದೆ ಕಾಗದಕ್ಕೆ ಇಳಿಸು. ಅದರ ಪಕ್ಕದಲ್ಲಿ ನೀನು ಅಮ್ಮನಿಗೆ ಏನು ಓದಿ ಹೇಳಿದೆ ಅನ್ನುವುದನ್ನೂ ಬರಿ. ಸುಳ್ಳು ಬರೆದರೆ ನನಗೆ ಗೊತ್ತಾಗುತ್ತದೆ. ನಮ್ಮಪ್ಪ ಹೇಗೆ ಮಾತಾಡುತ್ತಾರೆ ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ, ಬ್ರೇಕ್ ಯಾವುದು ಕ್ಲಚ್ ಯಾವುದು ಅಂತ ಅವರ ಪಕ್ಕ ಕೂತೇ ಕಲಿತವಳು ನಾನು.

ಇಬ್ಬರ ನಡುವೆ ಸುಂಕದ ಕಟ್ಟೆ ಹಾಕಿಕೊಂಡು ಕೂತಿದ್ದೀಯ, ಅಲ್ಲವೇನೇ?

ಅಕ್ಕ

—

ಏಪ್ರಿಲ್ ೨೯

ಅಕ್ಕನಿಗೆ,

ಹೌದು. ಏನೀಗ?

ಅಪ್ಪ ಬರೆದದ್ದು: "ಆ ಎಕ್ಸ್‌ಚೇಂಜಿಗೆ ಹೇಳು, ಗೋಡೆ ಸವರ್ಕೊಂಡು ಹಲ್ಲಿ ಥರ ಓಡಾಡ್ಬೇಡ, ಬಿದ್ದು ಸೊಂಟ ಮುರ್ಕೊಂಡ್ರೆ ಎತ್ತೋಕೆ ಇಲ್ಲಿ ಯಾರೂ ಪೈಲ್ವಾನ್ರಿಲ್ಲ."
ನಾನು ಓದಿದ್ದು: "ಹುಷಾರಾಗಿ ನಡಿ."

ಅಪ್ಪ ಬರೆದದ್ದು: "ತಿನ್ನದೆ ಕೂತು ಯಾರನ್ನ ಹೆದರಿಸ್ತಿದ್ದೀಯಾ? ಮುಖ ಮೊದಲೇ ಸೊಟ್ಟ, ಈಗ ಒಣಗಿದ ಸ್ಪಂಜು."
ನಾನು ಓದಿದ್ದು: "ಊಟ ಮಾಡು, ಸೊರಗಿದ್ದೀಯ."

ಅಪ್ಪ ಬರೆದದ್ದು: "ಈ ಕತ್ತೆ ನಾನು ಹೇಳಿದ್ದನ್ನ ಹೇಳ್ತಾ ಇಲ್ಲ."
ನಾನು ಅದನ್ನು ಓದಲೇ ಇಲ್ಲ. ಆಗಲೇ ಅವರು ಮಂಚ ಕುಟ್ಟುವುದು. ಅಮ್ಮ "ಏನದು?" ಅಂದರೆ "ಕೆಮ್ಮು ಬಂತು, ನೋವಂತೆ" ಅನ್ನುತ್ತೇನೆ.

ಸಾಕಾ? ಹೊಟ್ಟೆ ತುಂಬಿತಾ?

ದ್ವೀಪದಲ್ಲಿ ಗಾಳಿ ಎಣಿಸಿಕೊಂಡು ನನಗೆ ಬುದ್ಧಿ ಹೇಳುವುದು ಸುಲಭ. ಗಾಳಿ ತಿರುಗಿ ಬೈಯುವುದಿಲ್ಲ. ಅಮ್ಮನ ಕಣ್ಣು ಹೋದಾಗ ಶಾಲೆ ಬಿಟ್ಟವಳು ಯಾರು, ಪದವಿ ತೆಗೆದುಕೊಂಡವಳು ಯಾರು, ಅದನ್ನು ಬರೆದರೆ ನಿನ್ನ ದೋಣಿ ಮುಳುಗೀತು. ಕಣ್ಣಿಲ್ಲದ ಹೆಂಗಸು ಹಗಲೆಲ್ಲ ಕತ್ತಲಲ್ಲಿ ಕೂತಿರುವುದು, ಅವರಿಗೆ ಕೇಳಿಸುವುದೊಂದೇ ಉಳಿದಿರುವುದು, ಅದಕ್ಕೂ ಹಲ್ಲಿ, ಸ್ಪಂಜು ಅಂತ ಸುರಿಯಬೇಕಾ? ಬಾಯಿ ಇದ್ದಷ್ಟು ದಿನ ತಡೆಯಲು ನನ್ನಿಂದ ಆಗಲಿಲ್ಲ. ಈಗ ಆಗುತ್ತದೆ. ಡಾಕ್ಟರು ಮಾಡಿದ ಒಳ್ಳೆಯ ಕೆಲಸ ಅದೊಂದು ಅಂದುಕೊಂಡೆ. ಅಷ್ಟರಲ್ಲಿ ಆ ಟೀಚರಮ್ಮ ಬಂದಳು, ನೀನು ಆಪ್ಟ್ ಆಪ್ಟ್ ಅಂತ ಬೊಬ್ಬೆ ಹಾಕಿದೆ. ಆಪ್ಟ್‌ಗೆ ಹಾಕಿದರೆ ನಾನಿಲ್ಲದ ಹೊತ್ತಿನಲ್ಲೂ ಬೈಗುಳ ಬೀಳುತ್ತದೆ, ಗಟ್ಟಿಯಾಗಿ, ಸ್ಪೀಕರಿನಲ್ಲಿ. ಅಮ್ಮನ ಪರವಾಗಿ ಒಬ್ಬರಾದರೂ ಇರಬೇಕಲ್ಲ.

ಇಷ್ಟು ಒಳ್ಳೆಯ ಮಾತು ಕೇಳಿಸಿಯೂ ಅವರೇಕೆ ಸೊರಗುತ್ತಿದ್ದಾರೆ, ಅದೊಂದು ನನಗೆ ತಿಳಿಯುತ್ತಿಲ್ಲ. ನಿನ್ನ ಪದವಿಗೆ ತಿಳಿದರೆ ಹೇಳು.

ತಂಗಿ

—

ಮೇ ೮

ಏ ತಂಗಿ,

ದೋಣಿಯವನು ಹೊರಡುವ ಆತುರದಲ್ಲಿದ್ದಾನೆ, ಅವನನ್ನು ನಿಲ್ಲಿಸಿ ಬರೆಯುತ್ತಿದ್ದೇನೆ.

ಅಮ್ಮ ಸೊರಗುತ್ತಿರುವುದು ನಿನ್ನ ಒಳ್ಳೆಯ ಮಾತು ಕೇಳಿಯೇ. ಅವರು ನಿನಗೆ ಹೇಳಿದ್ದನ್ನು ನೀನೇ ನನಗೆ ಬರೆದಿದ್ದೀಯ, ಬರೆದೂ ಓದಿಲ್ಲ. ಇಷ್ಟು ವರ್ಷ ಒಂದು ಮೆತ್ತನೆಯ ಮಾತಾಡದ ಗಂಡ ಇದ್ದಕ್ಕಿದ್ದ ಹಾಗೆ ಹುಷಾರು, ಊಟ ಆಯ್ತಾ ಅಂದರೆ ಹೆಂಡತಿ ಏನಂದುಕೊಳ್ಳಬೇಕು? ಸಾಯುವವರು ಲೆಕ್ಕ ಚುಕ್ತಾ ಮಾಡುತ್ತಿದ್ದಾರೆ ಅಂತ. ನಾನೂ ಹಾಗೇ ಅಂದುಕೊಂಡೆ. ನೀನು ಬರೆದ ಒಂದು ಸಾಲಿಗೆ ನಾನಿಲ್ಲಿ ರಜೆ ಅರ್ಜಿ ಹಾಕಿ, ನಿದ್ದೆಗೆಟ್ಟು, ಸಾವಿನ ಮನೆಗೆ ಅಂತ ಕಪ್ಪು ಬಟ್ಟೆ ಮಡಿಸಿಟ್ಟಿದ್ದೇನೆ. ಕಣ್ಣಿರುವವಳಿಗೆ ಹೀಗಾದರೆ ಅವರಿಗೆ ಹೇಗಾಗಬೇಡ?

ಅಮ್ಮ ಅಷ್ಟು ನಾಜೂಕಲ್ಲ. ಅವರು ಎಕ್ಸ್‌ಚೇಂಜಿನಲ್ಲಿ ಊರಿನ ಬೈಗುಳವನ್ನೆಲ್ಲ ಕೇಳಿ ಬಂದವರು. ಅಪ್ಪ ಹಲ್ಲಿ ಅಂದರೆ ಅವರಿಗೆ ಸೆಕೆಂಡ್ ಗೇರು ದಾಟದ ಗಾಡಿ ಅನ್ನಲು ಬರುತ್ತದೆ. ಅದನ್ನು ನೀನು ಕಿತ್ತುಕೊಂಡಿದ್ದೀಯ. ಬೈದವರಿಗೆ ತಿರುಗಿ ಬೈಯುವುದು ಅವರ ಹಕ್ಕು, ಮಹಾರಾಯ್ತಿ, ನಿನ್ನದಲ್ಲ.

ಚೀಟಿ ಎಲ್ಲಿದೆಯೋ ತೆಗೆ. ಪ್ರೋಗ್ರಾಮ್ ಇಳಿಸು, ಆಪ್ಟ್‌ಗೆ ಹಾಕು, ಸ್ಪೀಕರ್ ಸಿಗಿಸು. ಅಪ್ಪನ ಲಾಗಿನ್‌ನಲ್ಲಿ ನಡೆಸಿ ನೋಡು, ನಿನ್ನದರಲ್ಲಿ ಅಲ್ಲ. "ಅನುಮತಿ ಇಲ್ಲ" ಅಂದರೆ ಹೆದರಬೇಡ. ನಿನ್ನ ಫೋಲ್ಡರಿನಿಂದ ಹೋದದ್ದು ನಿನ್ನ ಬೀಗವನ್ನೂ ಹೊತ್ತುಕೊಂಡು ಹೋಗಿರುತ್ತದೆ. ಎಲ್ಲರಿಗೂ ಓದಲು, ನಡೆಸಲು ಬಿಡುವ ಸಾಲನ್ನು ಇದರ ಹಿಂಬದಿಯಲ್ಲಿ ಬರೆದಿದ್ದೇನೆ.

ಅಮ್ಮನಿಗೆ ಏನಾದರೂ ಆದರೆ ನಾನು ನಿನ್ನ ಮುಖ ನೋಡುವುದಿಲ್ಲ. ನನ್ನ ಮುಖವನ್ನೂ ನೋಡಿಕೊಳ್ಳುವುದಿಲ್ಲ.

ಅಕ್ಕ

—

ಮೇ ೧೯

ಅಕ್ಕನಿಗೆ,

ಹಾಕಿದೆ.

ಚೀಟಿ ಬಸ್ ಟಿಕೆಟಿನ ಡಬ್ಬದಲ್ಲೇ ಇತ್ತು. ನೀನು ಹೇಳಿದ ಹಾಗೇ ಆಯಿತು. ಅಪ್ಪನ ಲಾಗಿನ್‌ನಲ್ಲಿ ಐಕಾನ್ ಒತ್ತಿದರೆ ಅನುಮತಿ ಇಲ್ಲ ಅಂತ ಬಂತು. ಅಪ್ಪ ನನ್ನನ್ನೇ ದುರುಗುಟ್ಟಿ ನೋಡಿದರು, ಇದೂ ನನ್ನ ಕಿತಾಪತಿಯೇ ಅಂತ. ಹಿಂಬದಿಯ ಸಾಲು ಟೈಪ್ ಮಾಡಿದೆ, ಪಾಸ್‌ವರ್ಡ್ ಕುರುಡಾಗಿ ಕುಟ್ಟಿದೆ, ಹೋಯಿತು. ಸ್ಪೀಕರ್ ಸಿಗಿಸಿದೆ. ನಿನ್ನ ಸ್ಪೀಕರ್ ಚೆನ್ನಾಗಿಯೇ ಇದೆ.

ಅಮ್ಮ ಕಿಟಕಿಯ ಹತ್ತಿರ ಕೂತಿದ್ದರು. ಮೇಲ್ಮನೆಯವಳು ಗಂಜಿ ಬಟ್ಟಲು ಹಿಡಿದು ಗೋಗರೆದು ಸೋತು ಹೋಗಿದ್ದಳು. ಅಪ್ಪ ಒಂದೊಂದೇ ಕೀಲಿ ಒತ್ತಿದರು. ಬೇಕಂತಲೇ ತಡ ಮಾಡಿದರೋ, ಕೈ ಹಿಡಿತ ತಪ್ಪಿತ್ತೋ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಸ್ಪೀಕರ್ ಹೇಳಿತು, "ಏ ಎಕ್ಸ್‌ಚೇಂಜ್. ಕಿಟಕೀಲಿ ಕೂತು ಯಾರಿಗೆ ಕಾಯ್ತಿದ್ದೀಯಾ. ನಿನ್ನ ಆ ಮೂತಿ ನೋಡೋಕೆ ಯಾರೂ ಬರಲ್ಲ. ಗಂಜಿ ಕುಡಿ. ನನ್ನ ಸಾಯಿಸೋ ಆತುರ ಇದ್ರೆ ಕ್ಯೂನಲ್ಲಿ ನಿಲ್ಲು, ಮುಂದೆ ನಿನ್ನ ಮಗಳಿದ್ದಾಳೆ."

ಅಮ್ಮ ಹಳೆಯ ಎಕ್ಸ್‌ಚೇಂಜಿನಲ್ಲಿ ಲೈನು ಹಿಡಿದು ಕೇಳುವ ಹಾಗೆ ತಲೆ ಒಂದು ಕಡೆ ವಾಲಿಸಿದರು. ಆಮೇಲೆ ಅಂದರು:

"ಬಂದ್ರಾ? ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ರಿ?"

ಅಪ್ಪ ಮತ್ತೆ ಒತ್ತಿದರು. "ಇಲ್ಲೇ ಇದ್ದೆ. ಈ ಕತ್ತೆ ಬಾಗಿಲು ಹಾಕಿತ್ತು."

"ಥೂ, ಧ್ವನಿ ನೋಡು. ಡಬ್ಬದೊಳಗೆ ಕಪ್ಪೆ ಬಿಟ್ಟ ಹಾಗೆ. ಬೈಗುಳ ಮಾತ್ರ ಅಸಲಿ." ಅಮ್ಮ ಎದ್ದು ಗೋಡೆ ಸವರಿಕೊಂಡು ಮಂಚದ ಹತ್ತಿರ ಬಂದರು. "ಡಾಕ್ಟ್ರು ಏನಂದ್ರು? ನಿಮ್ಮ ಬಾಯಿಂದ ಹೇಳಿ."

"ನಿನ್ನನ್ನ ಹೂತು ಆಮೇಲೆ ಸಾಯೋಷ್ಟು ಗಟ್ಟಿ ಇದ್ದೀನಿ ಅಂದ್ರು."

"ಅಯ್ಯೋ, ನಿಮ್ಮ ಸೆಕೆಂಡ್ ಗೇರಲ್ಲಿ ಅಲ್ಲಿವರೆಗೂ ಹೋಗೋ ಹೊತ್ತಿಗೆ ನನಗೆ ಮೂರು ಜನ್ಮ ಆಗಿರತ್ತೆ." ಅಂದು ಅಮ್ಮ ಮಂಚದ ಮೇಲೆ ಕೂತುಬಿಟ್ಟರು. ಕೂತು ಮುಖ ಮುಚ್ಚಿಕೊಂಡರು. ನಗುತ್ತಿದ್ದಾರೆ ಅಂದುಕೊಂಡೆ. ಬಹಳ ಹೊತ್ತಾದರೂ ಕೈ ತೆಗೆಯಲಿಲ್ಲ. ಅಪ್ಪ ಕೀಬೋರ್ಡ್ ಪಕ್ಕಕ್ಕೆ ಸರಿಸಿ, ಅಮ್ಮನ ಜಾರಿದ ಬಳೆಯನ್ನು ಮೇಲಕ್ಕೆ ತಳ್ಳಿದರು, ಅದೂ ಸಿಟ್ಟಿನಲ್ಲೇ, ಸ್ಕ್ರೂ ಬಿಗಿ ಮಾಡುವ ಹಾಗೆ. ಅದು ಮತ್ತೆ ಜಾರಿತು.

"ಗಂಜಿ ತಾರೇ" ಅಂದರು ಅಮ್ಮ. ತಂದೆ. ತಣ್ಣಗಾಗಿತ್ತು. ಬಿಸಿ ಮಾಡುತ್ತೇನೆ ಅಂದರೆ ಬೇಡ ಅಂದು ಬಟ್ಟಲು ಎತ್ತಿ ಕುಡಿದರು, ಪೂರಾ. ಕುಡಿದು ನನ್ನ ಕಡೆ ತಿರುಗಿದರು, ಸರಿಯಾಗಿ ನಾನು ನಿಂತ ಕಡೆಗೇ.

"ನೀನು ಇಷ್ಟು ದಿನ ಇವರ ಹೆಸರಲ್ಲಿ ತಂದು ತೋರಿಸ್ತಿದ್ದೆಯಲ್ಲ, ಒಬ್ಬ ಮರ್ಯಾದಸ್ಥ, ಯಾರೇ ಅವನು? ಅವನನ್ನ ಕಂಡ್ರೆ ನನಗೆ ಮೈಯೆಲ್ಲಾ ನಡುಕ. ಲೈನ್ ಮಧ್ಯ ಕದ್ದು ಕೇಳೋರನ್ನ ಬೇಕಾದಷ್ಟು ನೋಡಿದ್ದೀನಿ. ತಿದ್ದೋರನ್ನ ನೋಡಿದ್ದು ಈಗ್ಲೇ."

ಅಡುಗೆಮನೆಗೆ ಹೋಗಿ ಬಟ್ಟಲು ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅಲ್ಲಿಂದ ಕೇಳಿಸುತ್ತಿತ್ತು, ಒಂದು ಕಪ್ಪೆ, ಒಬ್ಬಳು ಮುದುಕಿ, ಮುಗಿಯುವ ಲಕ್ಷಣವೇ ಇಲ್ಲ. ಇಬ್ಬರೂ ಸೇರಿ ಬೈದದ್ದು ನನ್ನನ್ನು, ಆಮೇಲೆ ನಿನ್ನನ್ನು. ನೀನು ಓದಿ ಓದಿ ಗಾಳಿ ಎಣಿಸುವ ಕೆಲಸ ಹಿಡಿದೆಯಂತೆ, ಅದನ್ನು ನಮ್ಮ ಮನೆಯ ಕಿಟಕಿಯಲ್ಲೇ ಮಾಡಬಹುದಿತ್ತಂತೆ. ಇದನ್ನು ತಿದ್ದದೆ ಬರೆದಿದ್ದೇನೆ, ಗಮನಿಸು.

ನಿನ್ನೆ ಅಮ್ಮ ಎರಡು ಹೊತ್ತು ಊಟ ಮಾಡಿದರು. ನಾನು ಲಾಂಡ್ರಿಯಿಂದ ಬರುವಾಗ ಮೆಟ್ಟಿಲ ಮೇಲೇ ಕೇಳಿಸಿತು ಜಗಳ. ಮೇಲ್ಮನೆಯವಳು ಬಾಗಿಲಲ್ಲಿ ನಿಂತು, "ಏನ್ರೀ ಇದು, ದಿನಾ ಹೀಗೇನಾ?" ಅಂತ ಕೇಳಿದಳು. ಹೌದು, ಹೀಗೇ ಅಂದೆ. ಜೋರಾಗಿಯೇ ಅಂದೆ. ಕಪ್ಪು ಬಟ್ಟೆ ತಿರುಗಿ ಪೆಟ್ಟಿಗೆಗೆ ಹಾಕು. ರಜೆ ಸಿಕ್ಕರೆ ಮಾತ್ರ ಬಿಡಬೇಡ, ಬಾ. ಬೈಸಿಕೊಳ್ಳಲು ನಾನೊಬ್ಬಳೇ ಸಾಲುವುದಿಲ್ಲ.

ಈಗ ಹೊಸ ಚಿಂತೆ. ಇವತ್ತು ಬೆಳಿಗ್ಗೆ ಪರದೆಯ ಮೇಲೆ ಒಂದು ಚೌಕ ಬಂದಿದೆ. ಸಿಸ್ಟಮ್ಮಿನ ಹೊಸ ಆವೃತ್ತಿ ಸಿದ್ಧವಿದೆ, ಹಾಕಲೇ ಅಂತ ಕೇಳುತ್ತಿದೆ. ಅಪ್ಪ ಅದನ್ನು ಒತ್ತಲು ಹೋದರು, ನಾನು ಓಡಿಬಂದು ಮೌಸ್ ಕಿತ್ತುಕೊಂಡೆ. ಈಗ ಮೌಸ್ ನನ್ನ ಮಡಿಲಲ್ಲಿದೆ, ಅಪ್ಪ ಕೀಬೋರ್ಡಿನಿಂದ ನನ್ನ ವಂಶವನ್ನೇ ಜಾಲಾಡುತ್ತಿದ್ದಾರೆ, ಅದು ತಮ್ಮದೂ ಹೌದು ಅನ್ನುವುದು ಮರೆತಿದೆ. ಸಿಸ್ಟಮ್ ಯುಎಸ್‌ಆರ್‌ನಲ್ಲಿ ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತದೆ, ಆಪ್ಟ್‌ನಲ್ಲಿ ನಾವು ಇಟ್ಟದ್ದರ ತಂಟೆಗೆ ಬರುವುದಿಲ್ಲ ಅಂತ ಬರೆದಿದ್ದೀಯ. ಆರಿಸಿ ಹಾಕಿದಾಗ ಮಾತ್ರವಾ, ಇಡೀ ಸಿಸ್ಟಮ್ಮೇ ಹೊಸದಾದಾಗಲೂ ಬರುವುದಿಲ್ಲವಾ? ಅದನ್ನು ನೀನು ಬಿಡಿಸಿ ಬರೆದಿಲ್ಲ. ನಿನ್ನ ಉತ್ತರ ಬರುವವರೆಗೆ ನಾನು ಆ ಚೌಕವನ್ನು ಒತ್ತುವುದಿಲ್ಲ, ಯಾರಿಗೂ ಒತ್ತಲು ಬಿಡುವುದಿಲ್ಲ. ಅದೊಂದನ್ನು, ಅಕ್ಕ, ಇನ್ನೊಂದು ಸಲ ಸರಿಯಾಗಿ ನೋಡಿ ಹೇಳು.

ತಂಗಿ